ಐದು ಗರಿ ಮೂಡುವವರೆಗೆ

ನಾನು ಏಳು ಹೊಲಿಗೆ ಹಾಕಿ, ಮೂರು ವಾರ ಸಾಕಿ, ಕೈಯಾರೆ ಒಯ್ದುಕೊಟ್ಟ ಪಾರಿವಾಳದ ಕುತ್ತಿಗೆಯನ್ನು ಅದರ ಯಜಮಾನರು ನನ್ನ ಕಣ್ಣೆದುರಿಗೇ ತಿರುವಿಬಿಟ್ಟರು. ಸಿಟ್ಟಿನಿಂದೇನೂ ಅಲ್ಲ. ಅವರೆಕಾಯಿ ಸುಲಿಯುವವರಷ್ಟೇ ನಿರಾಳವಾಗಿ ತಿರುವಿ, ಪಕ್ಕಕ್ಕಿಟ್ಟು, ಹೆಗಲ ಮೇಲಿನ ವಸ್ತ್ರಕ್ಕೆ ಕೈ ಒರೆಸಿಕೊಂಡು, "ಚಾ ಕುಡೀತೀರೇನ್ರಿ ಕಂಪೌಂಡ್ರೆ?" ಎಂದು ಕೇಳಿದರು. ನಾನು ಕುಡಿಯಲಿಲ್ಲ.

ಅದು ಎಪ್ಪತ್ತರ ದಶಕದ ನಡುಗಾಲ. ನಾನಾಗ ಬಳ್ಳಾರಿಯಲ್ಲಿ ದನದ ದವಾಖಾನೆಯ ಕಂಪೌಂಡರ್. ಗಾಯವಾದ ಪಾರಿವಾಳಗಳು ನಮ್ಮಲ್ಲಿಗೆ ಬರುವುದು ಅಪರೂಪವಾಗಿರಲಿಲ್ಲ. ಗಾಜಿನ ಪುಡಿ ಮೆತ್ತಿದ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕವು, ಕರೆಂಟಿನ ತಂತಿಗೆ ಬಡಿದವು, ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡವು, ದಾರಿ ತಪ್ಪಿ ಸುಸ್ತಾಗಿ ಯಾರದೋ ಅಂಗಳಕ್ಕೆ ಬಿದ್ದವು. ಆದರೆ ನಮ್ಮ ದಾಖಲೆ ಪುಸ್ತಕದಲ್ಲಿ ದನ, ಎಮ್ಮೆ, ಕುದುರೆ, ಕುರಿ, ನಾಯಿ, ಕೋಳಿ ಎಂದು ಗೆರೆ ಹಾಕಿದ ಮನೆಗಳಿದ್ದವೇ ಹೊರತು ಪಾರಿವಾಳಕ್ಕೆ ಮನೆ ಇರಲಿಲ್ಲ. "ಕೋಳಿ ಅಂತ ಬರಕೊಳ್ರಿ. ಅದೇನು ಓದಾಕ ಬರ್ತೈತೇನು?" ಎಂದು ನಮ್ಮ ಡಾಕ್ಟರು ದಾರಿ ತೋರಿಸಿದ್ದರು. ಪುಸ್ತಕದಲ್ಲಿ ಜಾಗ ಸಿಕ್ಕಿತು, ದವಾಖಾನೆಯಲ್ಲಿ ಸಿಗಲಿಲ್ಲ. ಹೀಗಾಗಿ ಹತ್ತಿಪ್ಪತ್ತು ದಿನ ಇರಬೇಕಾದ ಹಕ್ಕಿಗಳು ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯ ಮಾಳಿಗೆ ಸೇರುತ್ತಿದ್ದವು.

ಅಲ್ಲಿ ಸೀಮೆಎಣ್ಣೆಯ ಹಳೆಯ ಡಬ್ಬಿಗಳನ್ನು ಅಡ್ಡ ಮಲಗಿಸಿ, ಬಾಯಿಗೆ ಜಾಲರಿ ಕಟ್ಟಿ ಗೂಡು ಮಾಡಿದ್ದೆ. ನೆನೆಸಿದ ಜೋಳ, ಸಜ್ಜೆ, ಜೊತೆಗೆ ಇಟ್ಟಿಗೆ ಪುಡಿ, ಸುಣ್ಣದ ಚೂರು, ಚಿಟಿಕೆ ಉಪ್ಪು. ವಾಸಿಯಾದವು ಹಾರಿಹೋಗುತ್ತಿದ್ದವು. ಕೆಲವು ಹೋಗುತ್ತಿರಲಿಲ್ಲ. ಒಂದು ಕಾಲಕ್ಕೆ ಹದಿನೆಂಟು ಇದ್ದವು. "ದನಕ್ಕ ಔಷಧ ಹಾಕೋರ ಮನ್ಯಾಗ ಹಾಲಿಲ್ಲ, ಮಜ್ಜಿಗಿ ಇಲ್ಲ, ಬರೀ ಹಿಕ್ಕಿ" ಎಂದು ನನ್ನ ಹೆಂಡತಿ ಮಾಳಿಗೆ ಗುಡಿಸುತ್ತ ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಬೈಯುತ್ತಲೇ ಇಟ್ಟಿಗೆ ಕುಟ್ಟಿ ಪುಡಿ ಮಾಡಿ ಕೊಡುತ್ತಿದ್ದವಳೂ ಅವಳೇ.

ಕುತ್ತಿಗೆ ತಿರುವಿದವರು ಸ್ಟೇಷನ್ ಕಡೆ ಟಾಂಗಾ ಹೊಡೆಯುತ್ತಿದ್ದ ಹಿರಿಯರು. ಹವ್ಯಾಸಕ್ಕೆ ಪಾರಿವಾಳದ ಹಿಂಡು ಸಾಕಿ ಹಾರಿಸುವ ಜನರಲ್ಲಿ ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನಾನು ಒಯ್ದುಕೊಟ್ಟದ್ದು ಅವರ ಒಂದು ಕರಿಯ ಗಂಡು. ಮಾಂಜಾ ದಾರ ಎದೆಯನ್ನು ಉದ್ದಕ್ಕೆ ಸೀಳಿತ್ತು. ಅವರು ಹಕ್ಕಿಯನ್ನು ನೋಡಲಿಲ್ಲ, ನನ್ನನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಎಲ್ಲಿಟ್ಟಿದ್ರಿ?" ಮಾಳಿಗೆಯ ಮೇಲೆ, ಇಷ್ಟು ದಿನ, ಹೀಗೆ ಹೀಗೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ನನ್ನ ಮಾತು ಮುಗಿಯುವುದಕ್ಕೂ ಅದರ ಕತೆ ಮುಗಿಯುವುದಕ್ಕೂ ಸರಿಹೋಯಿತು.

"ಬೇಜಾರ್ ಮಾಡ್ಕೋಬ್ಯಾಡ್ರಿ" ಎಂದರು. "ಬೇರೇರ ಮಾಳಿಗಿ ಮ್ಯಾಲೆ ಕಾಳು ತಿಂದ ಹಕ್ಕಿ ನಮ್ಮದಲ್ಲ. ಇವತ್ತು ಬರ್ತೈತಿ. ನಾಳೆ ಮ್ಯಾಲೆ ಹೋದಾಗ ದಣಿವಾದ್ರ ಆ ಮಾಳಿಗಿ ನೆನಪಾಗ್ತೈತಿ, ಅಲ್ಲಿಗೇ ಇಳೀತೈತಿ. ಅದೊಂದೇ ಇಳಿದ್ರ ಹೋಗ್ಲಿ ಬಿಡು ಅನ್ನಬಹುದು. ಹಿಂದಿನ ಹತ್ತನ್ನೂ ಕರಕೊಂಡು ಇಳೀತೈತಿ."

ಅದು ಅವರೊಬ್ಬರ ಹಟವಲ್ಲ, ಆ ಜನರ ಕಟ್ಟಳೆ. ತಪ್ಪಿ ಬಂದ ಹಕ್ಕಿ ಯಾರ ಮಾಳಿಗೆಗೆ ಇಳಿಯಿತೋ ಅವರದು. ಕಳೆದುಕೊಂಡವನು ಕೇಳಲು ಹೋಗಬಾರದು, ಸಿಕ್ಕವನು ಕೊಡಲು ಹೋಗಬಾರದು. ನಾನು ಎರಡನೆಯ ತಪ್ಪು ಮಾಡಿದ್ದೆ. ಒಂದು ಜೀವ ಉಳಿಸಿದೆ ಎಂದುಕೊಂಡವನು ಅದನ್ನು ಸಾಯಿಸಲು ಹೊತ್ತುಕೊಂಡು ಹೋಗಿದ್ದೆ. ಆ ದಿನದಿಂದ ಯಾವ ಹಕ್ಕಿಯನ್ನೂ ಯಾರ ಕೈಗೂ ಕೊಡಬಾರದೆಂದು ನಿಶ್ಚಯಿಸಿದೆ.

ಮರುವರ್ಷ ಸಂಕ್ರಾಂತಿ ಕಳೆದು ವಾರವಾಗಿತ್ತು. ಸಿರುಗುಪ್ಪ ತಾಲ್ಲೂಕಿನಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸ. ಡಾಕ್ಟರು, ನಾನು, ಮಂಜುಗಡ್ಡೆ ತುಂಬಿದ ಲಸಿಕೆಯ ಡಬ್ಬಿ. ರಾರಾವಿಯಲ್ಲಿ ಮಧ್ಯಾಹ್ನದವರೆಗೆ ದನಗಳ ಸಾಲು ಕರಗಲಿಲ್ಲ. ಕೊನೆಯ ಎತ್ತು ಹೋದ ಮೇಲೆ ಒಬ್ಬ ಮುದುಕಿ ಬಿದಿರ ಬುಟ್ಟಿ ಹಿಡಿದು ಬಂದಳು.

"ಯಪ್ಪಾ, ಇದಕ್ಕೂ ಒಂದು ಸೂಜಿ ಚುಚ್ಚು. ಗಿಡುಗ ಹಿಡಕೊಂಡು ಹೊಂಟಿತ್ತು, ನಮ್ಮ ಭತ್ತದ ಗದ್ದ್ಯಾಗ ಬಿಟ್ಟು ಹೋತು. ನೀರು ಕುಡಿಸಿದ್ರ ಎದಿಯಿಂದ ಸೋರತೈತಿ."

ಬುಟ್ಟಿಯೊಳಗೆ ಒಂದು ಹೆಣ್ಣು ಪಾರಿವಾಳ. ಬಿಳಿ ಮೈ, ಕತ್ತಿನ ಸುತ್ತ ಇಟ್ಟಿಗೆ ಬಣ್ಣ. ಮುದುಕಿ ಹೇಳಿದ್ದು ಸರಿಯಾಗಿತ್ತು. ಗಂಟಲ ಕೆಳಗಿನ ಕಾಳಿನ ಚೀಲವೇ ಹರಿದಿತ್ತು. ತಿಂದದ್ದು, ಕುಡಿದದ್ದು ಎಲ್ಲ ಹೊರಗೆ. ಜೊತೆಗೆ ಬಲ ರೆಕ್ಕೆಯ ತುದಿಯ ಎಲುಬು ಬಿರಿದಿತ್ತು. ಡಾಕ್ಟರು ಬಗ್ಗಿ ನೋಡಿ, "ನಿಮ್ಮ ಇಲಾಖೆ ಬಂತು ನೋಡ್ರಿ" ಎಂದು ಕೈ ತೊಳೆಯಲು ಹೋದರು.

ಪೊಟ್ಯಾಷ್ ಬೆರೆಸಿದ ಗುಲಾಬಿ ನೀರಿನಲ್ಲಿ ಗಾಯ ತೊಳೆದೆ. ಸುತ್ತಲಿನ ತುಪ್ಪಳ ಕತ್ತರಿಸಿದೆ. ಇಂಥ ಗಾಯಕ್ಕೆ ಒಳಗಿನ ಚೀಲ ಬೇರೆ, ಮೇಲಿನ ಚರ್ಮ ಬೇರೆ ಹೊಲಿಯಬೇಕು. ಎರಡನ್ನೂ ಸೇರಿಸಿ ಒಟ್ಟಿಗೆ ಹೊಲಿದರೆ ಮೂರು ದಿನಕ್ಕೆ ಕೊಳೆಯುತ್ತದೆ. ಸೂಜಿಗೆ ಇದ್ದದ್ದು ದವಾಖಾನೆಯ ಕರಿ ರೇಷ್ಮೆ ದಾರ. ನನ್ನ ಗಂಟು ಮೂರು ಸುತ್ತಿನದು, ತುದಿಗಳನ್ನು ಕೊಂಚ ಉದ್ದ ಬಿಡುವುದು ನನ್ನ ರೂಢಿ. "ಗಡ್ಡ ಬಿಟ್ಟಂಗ ಬಿಡ್ತೀರಲ್ರಿ" ಎಂದು ಡಾಕ್ಟರು ಪ್ರತಿಸಲ ಹಾಸ್ಯ ಮಾಡುವರು. ಬಿಚ್ಚುವಾಗ ಸುಲಭವೆಂದು ನಾನು ಆ ರೂಢಿಯನ್ನು ಬದಲಿಸಿರಲಿಲ್ಲ.

ಆಮೇಲೆ ರೆಕ್ಕೆ. ಪಟ್ಟಿ ಸುತ್ತಿದರೆ ನುಣ್ಣನೆಯ ಗರಿಗಳ ಮೇಲೆ ಜಾರಿ ಜಾರಿ ಇಳಿಯುತ್ತಿತ್ತು. ಬಸ್ಸಿನ ಹೊತ್ತಾಗಿತ್ತು. ಕತ್ತರಿ ಕೈಯಲ್ಲೇ ಇತ್ತು. ಆ ರೆಕ್ಕೆಯ ಐದು ದೊಡ್ಡ ಗರಿಗಳನ್ನು ಬುಡದಿಂದ ಎರಡು ಬೆರಳು ಬಿಟ್ಟು ಕಚಕ್ಕನೆ ಕತ್ತರಿಸಿದೆ. ಪಟ್ಟಿ ಭದ್ರವಾಗಿ ಕೂತಿತು. ಕೋಳಿಗಳಿಗೆ ಹೀಗೆ ಎಷ್ಟೋ ಸಲ ಮಾಡಿದ್ದೆ. ಕೋಳಿಗೆ ಹಾರುವ ಉದ್ಯೋಗವಿಲ್ಲ.

ಪಟ್ಟಿಯ ತುದಿ ಸಿಕ್ಕಿಸಿ ಹಕ್ಕಿಯನ್ನು ತಿರುಗಿಸಿದಾಗ ಎಡಗಾಲಲ್ಲಿ ದಾರ ಕಟ್ಟಿದ ಒಂದು ನೀಲಿ ಮಣಿ ಕಂಡಿತು. ನನಗೆ ಆ ಮಣಿ ಗೊತ್ತಿತ್ತು. ಅಂಥವೇ ಮಣಿಗಳ ಸರ ಉಸ್ತಾದರ ಕುದುರೆಯ ಕೊರಳಲ್ಲಿತ್ತು. ಆ ಕುದುರೆಗೆ ಹದಿನೈದು ದಿನದ ಹಿಂದೆ ಟಾಂಗಾದ ಮರದ ತುದಿ ಹೆಗಲಿಗೆ ಚುಚ್ಚಿ ದೊಡ್ಡ ಗಾಯವಾಗಿತ್ತು. ಹೊಲಿಗೆ ಹಾಕಿದವನು ನಾನೇ.

ಕತ್ತರಿಸಿದ ಗರಿ ಉಗುರಿನಂತೆ ಬೆಳೆಯುವುದಿಲ್ಲ. ಮಳೆಗಾಲ ಕಳೆದು ಹಕ್ಕಿ ತಾನಾಗಿ ಗರಿ ಉದುರಿಸುವವರೆಗೂ ಆ ಮೋಟು ಮೋಟಾಗಿಯೇ ಇರುತ್ತದೆ. ಕತ್ತರಿಯ ಗುರುತು ಕಂಡರೆ ಸಾಕು, ಇದು ಯಾರದೋ ಕೈಯಲ್ಲಿ ಇದ್ದು ಬಂದಿದೆ ಎಂದು ಹಾರಿಸುವವರಿಗೆ ತಿಳಿಯುತ್ತದೆ. ತಮ್ಮ ಮಾಳಿಗೆಗೆ ಇಳಿದ ಹೊಸ ಹಕ್ಕಿ ಹಾರಿಹೋಗದಿರಲೆಂದು ಅವರು ಮೊದಲು ಮಾಡುವ ಕೆಲಸವೂ ಅದೇ. ನಾನು ಔಷಧ ಹಾಕುವ ಭರದಲ್ಲಿ ಕಳ್ಳನ ರುಜು ಹಾಕಿಬಿಟ್ಟಿದ್ದೆ.

"ಬುಟ್ಟಿ ಮರಳಿ ತಂದುಕೊಡು ಮತ್ತ" ಎಂದಳು ಮುದುಕಿ. ತರುತ್ತೇನೆ ಎಂದು ಅದನ್ನೂ ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಲಸಿಕೆ ಎಂದೆ. ಲಸಿಕೆ ಒಳಗಿನಿಂದ ಒಮ್ಮೆ ಗುಟುರು ಹಾಕಿತು. ಅವನು ನನ್ನನ್ನು ನೋಡಿದ, ಡಾಕ್ಟರನ್ನು ನೋಡಿದ, ಸೀಟಿ ಊದಿದ.

ಮರುದಿನ ಬೆಳಿಗ್ಗೆ ಉಸ್ತಾದರು ಕುದುರೆ ಹಿಡಿದುಕೊಂಡು ದವಾಖಾನೆಯ ಬೇವಿನ ಮರದ ಕೆಳಗೆ ನಿಂತಿದ್ದರು. ಹೊಲಿಗೆ ನಿಲ್ಲದೆ ಗಾಯದೊಳಗೆ ಕೀವು ತುಂಬಿತ್ತು. ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಕೀವು ಹಿಂಡಿ, ಔಷಧ ಸವರಿದ ಬಟ್ಟೆಯ ಬತ್ತಿ ಒಳಗೆ ತುರುಕಬೇಕಾಯಿತು. ಕುದುರೆ ನಿಲ್ಲುವಂತೆ ನಾನು ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡಿರುತ್ತಿದ್ದೆ. ಎಡಗೈಯಲ್ಲಿ ಬೆಲ್ಲ ನೆಕ್ಕಿಸುತ್ತ ಬಲಗೈಯಲ್ಲಿ ಕೆಲಸ ಮಾಡುವೆ. ಉಸ್ತಾದರು ಬಿಚ್ಚಿದ ದಾರಗಳನ್ನು ನೋಡುತ್ತ ನಿಂತಿದ್ದರು.

"ಮುಖ ಯಾಕ್ರಿ ಇಳದೈತಿ?" ಎಂದೆ. ಕೇಳಬಾರದಿತ್ತು.

"ನಮ್ಮ ದೊಡ್ಡಾಕಿ ಬಂದಿಲ್ರಿ ನಾಕು ದಿನ ಆತು. ಬಿಳೀದು, ಕೊರಳು ಕೆಂಪು. ಆಕಿ ಇಳಿದ್ರ ಎಲ್ಲಾ ಇಳೀತಾವು. ಆಕಿ ಇಲ್ದ ಯಾವುದನ್ನೂ ಬಿಟ್ಟಿಲ್ಲ. ಬಿಟ್ರ ಚೆಲ್ಲಾಪಿಲ್ಲಿ ಆಗಿ ಊರ ತುಂಬ ಇಳೀತಾವು."

"ಯಾರದಾದರೂ ಮಾಳಿಗೆ ಮೇಲೆ ಇರಬಹುದು."

"ಇಳದಿರಲ್ಲ." ಕುದುರೆಯ ಕೊರಳ ಮಣಿಸರವನ್ನು ಸರಿಪಡಿಸಿದರು. "ಇಳದಿದ್ರ, ಬಂದ್ರೂ ಬರಲಿಲ್ಲ ಅಂದಂಗ. ನಿಮಗ ಗೊತ್ತೈತಲ್ರಿ."

ನನಗೆ ಗೊತ್ತಿತ್ತು. ಬಗ್ಗಿ ಕುದುರೆಯ ಹೆಗಲಿಗೆ ಬಟ್ಟೆ ಸುತ್ತಿ ಗಂಟು ಬಿಗಿದೆ.

ಅಂದು ಡಾಕ್ಟರ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ನಿಮ್ಮ ಹತ್ರಾನೇ ಇಟ್ಕೊಂಡ್ರ ಏನಾತು?" ಆಗುವುದೇನೂ ಇರಲಿಲ್ಲ. ಹಕ್ಕಿ ಬದುಕುತ್ತಿತ್ತು. ಆದರೆ ನಾನು ವಾರಕ್ಕೆರಡು ಸಲ ಆ ಮನುಷ್ಯನ ಮುಖ ನೋಡಬೇಕಿತ್ತು. ಅದು ನನ್ನಿಂದಾಗುವ ಕೆಲಸವಲ್ಲ ಎಂದೆ. ಉಳಿದದ್ದು ಒಂದೇ ದಾರಿ. ಅದು ತನ್ನ ರೆಕ್ಕೆಯ ಮೇಲೆ, ಆಕಾಶದಿಂದ, ತಾನಾಗಿ ಮನೆಗೆ ಇಳಿಯಬೇಕು. ಹಾಳು ಬಾವಿಗಳಲ್ಲಿ ಕಾಡು ಪಾರಿವಾಳಗಳ ಜೊತೆ ಎಷ್ಟು ದಿನ ಇದ್ದು ಬಂದರೂ ಅವರ ಕಟ್ಟಳೆಯಲ್ಲಿ ತಪ್ಪಿಲ್ಲ. ಮನುಷ್ಯರ ಮಾಳಿಗೆಯದೇ ತಪ್ಪು. ಅಂದರೆ ಐದು ಗರಿಗಳೂ ಹೊಸದಾಗಿ ಬೆಳೆದು ನಿಲ್ಲಬೇಕು.

"ಮೋಟನ್ನ ಕಿತ್ರ ಬೆಳೀತಾವು" ಎಂದರು ಡಾಕ್ಟರು. "ನಲವತ್ತು ದಿನ ಹಿಡೀತೈತಿ. ಆದ್ರ ಎಲುಬು ಕೂಡೋತನಕ ಮುಟ್ಟಬ್ಯಾಡ್ರಿ. ಐದನ್ನೂ ಒಮ್ಮೆಗೇ ಕೀಳಬ್ಯಾಡ್ರಿ. ಬುಡ ಕೆಟ್ರ ಆ ಜಾಗದಾಗ ಮತ್ತ ಗರಿ ಹುಟ್ಟೋದಿಲ್ಲ, ಜಲ್ಮಪೂರ್ತಿ."

ಹಕ್ಕಿಯನ್ನು ಮಾಳಿಗೆಗೆ ಒಯ್ಯಲಿಲ್ಲ. ಪಾರಿವಾಳ ಮಾಳಿಗೆಯನ್ನು ಕಣ್ಣಿನಿಂದ ಕಲಿಯುತ್ತದೆ, ಕಾಳು ಹಾಕುವವನನ್ನು ದನಿಯಿಂದ ಕಲಿಯುತ್ತದೆ. ಇದು ಎರಡನ್ನೂ ಕಲಿಯಕೂಡದು. ಅಡಿಗೆಮನೆಯ ಪಕ್ಕದ ಕಾಳಿನ ಕೋಣೆಯಲ್ಲಿ ಕಿಟಕಿಗೆ ಗೋಣಿತಟ್ಟು ಕಟ್ಟಿ ಇಟ್ಟೆ. ಸೀಟಿ ಹೊಡೆಯಬಾರದು, ಕರೆಯಬಾರದು, ಕಾಳು ಇಟ್ಟು ಸುಮ್ಮನೆ ಹೊರಗೆ ಬರಬೇಕು. ಹೆಂಡತಿಗೂ ಅದನ್ನೇ ಹೇಳಿದೆ. "ಮನಿಗೆ ಬಂದವರ ಜೋಡಿ ಮಾತಾಡಬಾರದಂದ್ರ ಇದೆಂಥ ನೇಮ ರೀ" ಎಂದಳು. ಎರಡು ದಿನ ಬಿಟ್ಟು ನೋಡಿದರೆ ಬಾಗಿಲ ಸಂದಿಯಿಂದ ಅದಕ್ಕೆ ತೌರಿನ ಸುದ್ದಿ ಹೇಳುತ್ತಿದ್ದಳು, ಅದೂ ತೆಲುಗಿನಲ್ಲಿ. ಕನ್ನಡದಲ್ಲಿ ಮಾತಾಡಬಾರದೆಂದಷ್ಟೇ ನಾನು ಹೇಳಿದ್ದು ಎಂಬ ವಾದ ಹೂಡಿದಳು.

ಮೂರನೆಯ ದಿನ ಚೀಲದ ಕೆಳಗಿನ ಹೊಲಿಗೆ ಬಿಟ್ಟುಕೊಂಡು ನೀರು ಜಿನುಗತೊಡಗಿತು. ಒಮ್ಮೆಗೇ ಹೆಚ್ಚು ತಿನ್ನಿಸಿದ್ದು ನನ್ನ ತಪ್ಪು. ತುಂಬಿದ ಚೀಲ ಹೊಲಿಗೆಯನ್ನು ಜಗ್ಗಿತ್ತು. ಮತ್ತೆ ಬಿಚ್ಚಿ, ಅಂಚನ್ನು ತೆಳ್ಳಗೆ ಹೆರೆದು, ಮತ್ತೆ ಎರಡು ಪದರ ಹೊಲಿದೆ. ಆಮೇಲೆ ನೆನೆದ ಕಡಲೆಬೇಳೆಯನ್ನು ಅರೆದು ಮೆಣಸಿನ ಕಾಳಿನಷ್ಟು ಉಂಡೆ ಮಾಡಿ, ದಿನಕ್ಕೆ ಎಂಟು ಸಲ. ದವಾಖಾನೆಯಲ್ಲಿ ನಾನಿದ್ದಾಗ ಆ ಉಂಡೆ ಕೊಡುತ್ತಿದ್ದವಳು ಹೆಂಡತಿ. ಈ ಸಲ ಹೊಲಿಗೆ ನಿಂತಿತು. ಹತ್ತು ದಿನಕ್ಕೆ ಮೇಲಿನ ದಾರಗಳನ್ನು ಬಿಚ್ಚಿ ಎಣಿಸಿ ಎಸೆದೆ. ಎಣಿಸಿದ್ದೆ ಎಂದೇ ಇವತ್ತಿಗೂ ನನ್ನ ನಂಬಿಕೆ.

ಎಲುಬು ಕೂಡಿದ ಮೇಲೆ ಮೊದಲು ಎರಡು ಮೋಟು ಕಿತ್ತೆ. ಗರಿ ಬೆಳೆದಿರುವ ದಿಕ್ಕಿಗೇ, ಬುಡದ ಚರ್ಮವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಒಂದೇ ಎಳೆತಕ್ಕೆ. ನಿಧಾನಿಸಿದರೆ ಬುಡ ಹರಿಯುತ್ತದೆ. ಹಕ್ಕಿ ಕೂಗಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡಿತು. ಐದು ದಿನ ಬಿಟ್ಟು ಉಳಿದ ಮೂರು. ಒಂದರ ಬುಡದಿಂದ ರಕ್ತ ಬಂತು, ಸಲ್ಫಾ ಪುಡಿ ಒತ್ತಿ ಹಿಡಿದು ಕಾಲು ತಾಸು ಕೂತೆ. ಅದೊಂದು ಕೆಟ್ಟಿತೆಂದೇ ತಿಳಿದೆ. ವಾರದ ಮೇಲೆ ಐದೂ ಜಾಗದಲ್ಲಿ ನೀಲಿ ಬಣ್ಣದ ಸಣ್ಣ ಮೊಳಕೆಗಳು ಕಂಡವು. ಅವತ್ತು ನನಗೆ ಆದ ಸಂತೋಷವನ್ನು ಸಂಬಳ ಹೆಚ್ಚಾದಾಗಲೂ ಕಂಡಿಲ್ಲ.

ಈ ನಡುವೆ ಕುದುರೆಯ ಹೆಗಲು ಬಾತು ಅದು ಹೆಜ್ಜೆ ಎತ್ತದಾಯಿತು. ಉಸ್ತಾದರು ಹೇಳಿಕಳಿಸಿದ್ದಕ್ಕೆ ನಾನೇ ಅವರ ಮನೆಗೆ ಹೋದೆ. ಗಾಯ ಕಟ್ಟಿ ಕೈ ತೊಳೆಯುವಾಗ ಮೇಲೆ ನೋಡಿದೆ. ಮಾಳಿಗೆಯ ದೊಡ್ಡ ಗೂಡಿನೊಳಗೆ ಹಕ್ಕಿಗಳೆಲ್ಲ ಮುಚ್ಚಿದ ಜಾಲರಿಯ ಹಿಂದೆ. ಅದರ ಪಕ್ಕದ ಒಂದು ಪುಟ್ಟ ಗೂಡಿನ ಬಾಗಿಲು ಮಾತ್ರ ತೆರೆದಿತ್ತು. ಅದರ ಮುಂದೆ ಚಪ್ಪಡಿ ಕಲ್ಲಿನ ಮೇಲೆ ಒಂದು ಹಿಡಿ ಜೋಳ, ಪಕ್ಕದಲ್ಲಿ ನೀರು ತುಂಬಿದ ತೆಂಗಿನ ಪರಟೆ. ನೀರು ಅವತ್ತಿನದು, ಕಾಳೂ ಅವತ್ತಿನದು.

ಅವರ ಮನೆಯಾಕೆ ನನಗೆ ಚಹಾ ಕೊಡುತ್ತ, "ಒಂದೂವರಿ ತಿಂಗಳಾತ್ರಿ. ದಿನಾ ಹೊಸಾ ಕಾಳು. ಸಂಜೀಕ ಗುಬ್ಬಿ ತಿಂತಾವು, ಮುಂಜಾನಿ ಮತ್ತ ಇಡ್ತಾರ" ಎಂದರು. ಉಸ್ತಾದರು ಕೇಳಿಯೂ ಕೇಳದವರಂತೆ ಕುದುರೆಯ ಬಾಲದ ಸಿಕ್ಕು ಬಿಡಿಸುತ್ತಿದ್ದರು.

ಹೇಳಿಬಿಡೋಣ ಎಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೀಗೆ ಕಾಯುವವರು ಕೊಲ್ಲಲಾರರು ಎಂದು ಒಂದು ಮನಸ್ಸು. ಕರಿಯ ಗಂಡನ್ನೂ ಇದೇ ಕೈ ಸಾಕಿತ್ತಲ್ಲ ಎಂದು ಇನ್ನೊಂದು. ಅವರು ಮನಸ್ಸಿಲ್ಲದೆ ಕೊಂದರೂ ಹಕ್ಕಿಗೆ ಅದು ಒಂದೇ. ಈ ಸಲ ಚಹಾ ಕುಡಿದು ಸುಮ್ಮನೆ ಬಂದೆ.

ಬಂದವನಿಗೆ ಅವಸರ ಹತ್ತಿತು. ಗರಿಗಳು ಇನ್ನೂ ಮುಕ್ಕಾಲು ಬೆಳೆದಿದ್ದವು, ಬುಡದಲ್ಲಿ ರಕ್ತ ಇತ್ತು. ಭಾನುವಾರ ದವಾಖಾನೆಯ ಹುಲ್ಲಿನ ಕೊಠಡಿ ಖಾಲಿ ಇದೆಯೆಂದು ಅಲ್ಲಿ ಹಾರಿಸಿ ನೋಡಿದೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ ಬಡಿಯಿತು. ನಾಲ್ಕನೆಯ ಗರಿ ಬುಡದಲ್ಲಿ ಮುರಿದು ರಕ್ತ ಚಿಮ್ಮಿತು. ಅದನ್ನು ಮತ್ತೆ ಕಿತ್ತು, ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಡಾಕ್ಟರು ಬೈಯಲಿಲ್ಲ. "ನೀವು ಕಾಯಾಕತ್ತೀರೋ, ಅವರು ಕಾಯಾಕತ್ತಾರೋ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಯುಗಾದಿ ಕಳೆಯಿತು. ಬಳ್ಳಾರಿಯ ಬಿಸಿಲು ಸುರುವಾಗಿತ್ತು. ನಾಲ್ಕನೆಯ ಗರಿಯೂ ಉಳಿದವುಗಳ ಸಮಕ್ಕೆ ಬಂತು, ಬುಡ ಬೆಳ್ಳಗೆ ಗಟ್ಟಿಯಾಯಿತು. ಹುಲ್ಲಿನ ಕೊಠಡಿಯಲ್ಲಿ ದಿನಾ ಬೆಳಿಗ್ಗೆ ಹಾರಿಸಿದೆ. ಮೊದಲ ದಿನ ನಾಲ್ಕು ಸುತ್ತಿಗೇ ಬಾಯಿ ತೆರೆಯಿತು. ಹತ್ತನೆಯ ದಿನ ಕೆಳಗಿಳಿಯಲೇ ಒಲ್ಲದು.

ಎಲ್ಲಿಂದ ಬಿಡುವುದೆಂಬುದು ಉಳಿದಿತ್ತು. ರಾರಾವಿಯಿಂದ ಬಿಟ್ಟರೆ ಲಕ್ಷಣವಾಗಿತ್ತು, ಬಂದ ದಾರಿ ಅದೇ. ಆದರೆ ಇಷ್ಟು ದಿನ ಕೋಣೆಯಲ್ಲಿದ್ದ ಹಕ್ಕಿಗೆ ಅದು ದೂರ. ಊರೊಳಗೇ ಬಿಟ್ಟರೆ ಯಾರಾದರೂ ನೋಡುತ್ತಾರೆ. ಕುರುಗೋಡು ಕಡೆ ಬಾದನಹಟ್ಟಿಯಲ್ಲಿ ದನಗಳ ತಪಾಸಣೆ ಬಂದಾಗ ಅದೇ ಸರಿಯೆಂದು ತೀರ್ಮಾನಿಸಿದೆ. ರಾರಾವಿಯ ಮುದುಕಿಯ ಬುಟ್ಟಿಯಲ್ಲೇ ಒಯ್ದೆ. ಬೆಳಿಗ್ಗೆ ಹೆಂಡತಿ ಬಾಗಿಲವರೆಗೆ ಬಂದು ಬುಟ್ಟಿಗೆ ತೆಲುಗಿನಲ್ಲಿ ಏನೋ ಹೇಳಿ, ತಿರುಗಿ ನೋಡದೆ ಒಳಗೆ ಹೋದಳು.

ಊರ ಹೊರಗೆ ಖಾಲಿ ಕಣವೊಂದರಲ್ಲಿ ಬುಟ್ಟಿ ಇಟ್ಟೆ. ಗಾಳಿ ಸಣ್ಣಗಿತ್ತು, ಆಕಾಶದಲ್ಲಿ ಗಿಡುಗ ಕಾಣಲಿಲ್ಲ. ಮುಚ್ಚಳ ತೆಗೆದು ಹತ್ತು ಹೆಜ್ಜೆ ಹಿಂದೆ ಸರಿದೆ. ಅದು ಅಂಚಿನ ಮೇಲೆ ಹತ್ತಿ ಕೂತಿತು. ಬಿಸಿಲಿಗೆ ಕಣ್ಣು ಪಿಳುಕಿಸಿತು. ಎದ್ದು ಹಾರಿ, ನೂರು ಮಾರು ಹೋಗಿ ಒಂದು ಜಾಲಿ ಮರದ ಮೇಲೆ ಇಳಿಯಿತು. ಅಲ್ಲಿಂದ ಕದಲಲೇ ಇಲ್ಲ. ಕಾಲು ತಾಸಾಯಿತು, ಅರ್ಧ ತಾಸಾಯಿತು.

"ದಾರಿ ಮರೆತೈತಿ. ಕರೀರಿ, ಬಂದ್ರ ಮನಿಗೆ ಒಯ್ಯೋಣು" ಎಂದರು ಡಾಕ್ಟರು.

"ಕರೆಯುವುದಿಲ್ಲ" ಎಂದೆ. ನೂರು ದಿನ ಒಂದು ಸಲವೂ ಕರೆದಿರಲಿಲ್ಲ. ಈಗ ಕರೆದರೆ, ಅದು ಬಂದರೆ, ಅದು ನನ್ನದಾಗಿಬಿಡುತ್ತಿತ್ತು. ನನಗೆ ಕರೆಯುವ ಆಸೆ ಇರಲಿಲ್ಲವೆಂದರೆ ಸುಳ್ಳು. ಬುಟ್ಟಿಯ ಮುಚ್ಚಳ ಹಿಡಿದು ಬಿಸಿಲಲ್ಲಿ ನಿಂತೇ ಇದ್ದೆ.

ಕೊನೆಗೆ ಎದ್ದಿತು. ಮೊದಲ ಸುತ್ತು ಸಣ್ಣದು, ಎರಡನೆಯದು ಕಣದಷ್ಟು ಅಗಲ, ಮೂರನೆಯದು ಊರಿನಷ್ಟು. ನಮ್ಮ ತಲೆಯ ಮೇಲೆ ಹಾಯುವಾಗ ಬಿಸಿಲು ಬಲ ರೆಕ್ಕೆಯ ಗರಿಗಳೊಳಗಿಂದ ತೂರಿ ಬಂತು. ಐದೂ ಇದ್ದವು. ಆಮೇಲೆ ಬಳ್ಳಾರಿಯ ದಿಕ್ಕಿಗೆ ತಿರುಗಿ, ಕಣ್ಣಿಗೆ ಕಾಣದಂತಾಯಿತು. "ನಡೀರಿ, ಎಮ್ಮಿ ಕಾಯಾಕತ್ತಾವು" ಎಂದರು ಡಾಕ್ಟರು.

ಉಸ್ತಾದರು ಬರಬೇಕಿದ್ದದ್ದು ಮರುದಿನ. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮುಟ್ಟಿದೆಯೋ ಇಲ್ಲವೋ, ಮುಟ್ಟಿದ್ದರೆ ಬದುಕಿದೆಯೋ ಇಲ್ಲವೋ ಎಂದು ಮನೆಯಲ್ಲಿ ಹೆಂಡತಿ, ದವಾಖಾನೆಯಲ್ಲಿ ಡಾಕ್ಟರು ಬಾಯಿಬಿಟ್ಟು ಕೇಳದೆ ನನ್ನ ಮುಖ ನೋಡುತ್ತಿದ್ದರು. ನಾಲ್ಕನೆಯ ದಿನ ಬೇವಿನ ಮರದ ಕೆಳಗೆ ಕುದುರೆ ನಿಂತಿತ್ತು.

ಉಸ್ತಾದರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಔಷಧದ ಮೇಜಿನ ಮೇಲಿಟ್ಟು, ಬೆರಳಿನಿಂದ ತಳ್ಳಿ ತೆರೆದರು. ಒಳಗೆ ಅರ್ಧ ಅಂಗುಲದ ಕರಿ ರೇಷ್ಮೆ ದಾರ. ಮೂರು ಸುತ್ತಿನ ಗಂಟು, ಉದ್ದ ಬಿಟ್ಟ ತುದಿಗಳು.

"ಕೊರಳ ಕೆಳಗ, ತುಪ್ಪಳದಾಗ ಇತ್ರಿ" ಎಂದರು. "ಸವರುವಾಗ ಬೆರಳಿಗೆ ಚುಚ್ಚಿತು. ಈ ಕುದುರಿ ಹೆಗಲಿಂದ ನೀವು ಬಿಚ್ಚಿದಾಗ ನೋಡಿದ್ನಲ್ರಿ, ಅದೇ ಗಂಟು. ಬಲರೆಕ್ಕಿ ಐದು ಗರಿ ಹೊಸಾವು. ಮಳಿಗಾಲ ಇಲ್ದ ಗರಿ ಹೊಸಾವು ಯಾಕಾಗ್ತಾವು? ಮೂರು ದಿನ ಕುಂತು ಲೆಕ್ಕ ಹಾಕಿದೆ."

ಅಷ್ಟೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಮಾಡಿದ ಕೆಲಸ, ಒಂದು ಹೊಲಿಗೆ ಮರೆತಿದ್ದೆ. ಕೇಳಬೇಕಾದದ್ದು ಒಂದೇ ಇತ್ತು.

"ಈಗ ಎಲ್ಲಿದ್ದಾಳ್ರಿ?" ಎಂದೆ.

"ಎಲ್ಲಿರ್ತಾಳ? ಮಾಳಿಗಿ ಮ್ಯಾಲೆ ಅದಾಳ. ನಿನ್ನೆ ಎಲ್ಲಾ ಹಕ್ಕಿ ಬಿಟ್ಟಿದ್ದೆ. ಆಕಿ ಇಳಿದ್ಲು, ಎಲ್ಲಾ ಇಳಿದ್ವು."

ನಾನು ಸುಮ್ಮನಿರಬಹುದಿತ್ತು. ಆದರೆ ನೂರು ದಿನ ಮುಚ್ಚಿಟ್ಟದ್ದು ತಾನಾಗಿ ಹೊರಬಂತು. "ಅಷ್ಟೂ ದಿನ ನಮ್ಮ ಮನೆ ಕಾಳು ತಿಂದಿದ್ದಾಳ್ರಿ ಉಸ್ತಾದರೆ."

ಅವರು ಕುದುರೆಯ ಕಡೆ ನೋಡಿದರು. ಅದು ಎಂದಿನಂತೆ ಮೂತಿ ಚಾಚಿ ನನ್ನ ಜೇಬು ಮೂಸುತ್ತಿತ್ತು.

"ಇದೂ ಮೂರ್ನಾಕು ತಿಂಗಳಿಂದ ನಿಮ್ಮ ಕೈಯಾಗ ಬೆಲ್ಲ ತಿಂದೈತಿ" ಎಂದರು. "ಇದರದೂ ಕುತ್ತಿಗಿ ತಿರುವ್ಲೇನು?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ನಾನು ಬಗ್ಗಿ ಹಳೆಯ ಬಟ್ಟೆ ಬಿಚ್ಚಿದೆ. ಗಾಯ ಒಣಗಿ ತಳದಿಂದ ತುಂಬಿಕೊಂಡಿತ್ತು, ಇನ್ನೊಂದೆರಡು ಸಲ ಕಟ್ಟಿದರೆ ಸಾಕಿತ್ತು. ಉಸ್ತಾದರು ಲಗಾಮು ಹಿಡಿದು ಕುದುರೆಯ ತಲೆಯ ಹತ್ತಿರ ನಿಂತಿದ್ದರು. ನಾನು ಔಷಧ ಸವರುತ್ತಿರುವಾಗ ಕುದುರೆಯ ಕಿವಿಗೆ ಹೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದರು.

"ಆ ಕರಿ ಗಂಡಿಗೆ ಎಷ್ಟು ಹೊಲಿಗಿ ಹಾಕಿದ್ರಿ?"

"ಏಳು" ಎಂದೆ.

ನಾನು ಹೊಸ ಬಟ್ಟೆ ಸುತ್ತಿ, ಗಂಟು ಹಾಕಿ, ಕೈ ತೊಳೆದು ಬರುವವರೆಗೂ ಅವರು ತಲೆ ಎತ್ತಲಿಲ್ಲ.